ಕುಟ್ಟಾಣಿಗೆ ಬಿದ್ದ ಮಾತ್ರೆ

ಎಲೆಯಡಿಕೆ ಕುಟ್ಟುತ್ತಿದ್ದ ಕುಟ್ಟಾಣಿಗೆ ಈಗ ಹಲವು ಮನೆಗಳಲ್ಲಿ ಹೊಸ ಕೆಲಸ ಸಿಕ್ಕಿದೆ. ಹಿರಿಯರಿಗೆ ಮಾತ್ರೆ ನುಂಗಲಾಗುವುದಿಲ್ಲ. ಬೆಳಗಿನ ನಾಲ್ಕನ್ನೂ ಒಟ್ಟಿಗೆ ಹಾಕಿ ನುಣ್ಣಗೆ ಕುಟ್ಟಿ, ಬಾಳೆಹಣ್ಣಿನಲ್ಲಿ ಕಲಸಿ ತಿನ್ನಿಸಿದರೆ ಸೇವೆ ಮುಗಿಯಿತು. ನಮ್ಮ ಮನೆಯಲ್ಲೂ ಹೀಗೇ ನಡೆದಿತ್ತು, ಕುಟ್ಟಿದವನು ನಾನೇ. ಹೊಟ್ಟೆಗೆ ಹೋದ ಮೇಲೆ ಎಲ್ಲವೂ ಪುಡಿಯೇ ತಾನೆ ಎಂದುಕೊಂಡಿದ್ದೆ. ನಾಲ್ಕಕ್ಷರ ಓದಿದವನ ಈ ಉಡಾಫೆಗೆ ಯಾವ ನೆಪವೂ ಒದಗುವುದಿಲ್ಲ.

ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಎಂದಿರುವ ಮಾತ್ರೆ ಬರೀ ಪುಡಿಯ ಉಂಡೆಯಲ್ಲ. ಅಂಥ ಹಲವು ಮಾತ್ರೆಗಳಲ್ಲಿ ಮದ್ದನ್ನು ಸೆಲ್ಯುಲೋಸ್‌ನಿಂದ ಮಾಡಿದ ಒಂದು ಪಾಲಿಮರ್ ಜೊತೆ ಬೆರೆಸಿರುತ್ತಾರೆ. ನೀರು ತಾಗಿದರೆ ಅದು ಉಬ್ಬಿ ಲೋಳೆಯಾಗುತ್ತದೆ, ಆ ಲೋಳೆಯೊಳಗಿಂದ ಮದ್ದು ಹನ್ನೆರಡೋ ಇಪ್ಪತ್ನಾಲ್ಕೋ ಗಂಟೆ ತೊಟ್ಟುತೊಟ್ಟಾಗಿ ಹೊರಬರುತ್ತದೆ. ಯಾವ ಪಾಲಿಮರ್, ಎಷ್ಟು, ಎಷ್ಟು ಬಿಗಿ ಎಂದು ಗೊತ್ತುಮಾಡಲು ಒಬ್ಬ ಕೆಮಿಸ್ಟ್ ವರ್ಷಗಳನ್ನೇ ಕಳೆದಿರುತ್ತಾನೆ. ನಾವು ಎರಡೇಟಿಗೆ ಅದನ್ನು ಮುಗಿಸುತ್ತೇವೆ. ಇಡೀ ದಿನಕ್ಕೆಂದು ಇಟ್ಟ ನಿಫೆಡಿಪಿನ್ ಒಮ್ಮೆಲೇ ರಕ್ತಕ್ಕೆ ನುಗ್ಗಿ ಬಿಪಿ ದಿಢೀರನೆ ಕುಸಿದರೆ, ‘ವಯಸ್ಸಾಯ್ತು, ತಲೆಸುತ್ತು’ ಎಂದು ನಾವೇ ಷರಾ ಬರೆಯುತ್ತೇವೆ. ಅದೇ ಕುಟ್ಟಾಣಿಯಲ್ಲಿ ಪ್ಯಾಂಟೊಪ್ರಜೋಲ್ ಕೂಡ ಇರುತ್ತದೆ. ಅದು ಆಮ್ಲದಲ್ಲಿ ಉಳಿಯದ ಮದ್ದು. ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಷ್ಟೇ ಕರಗುವ ಕವಚ ತೊಡಿಸಿದ್ದು ಅದಕ್ಕಾಗಿಯೇ. ಕುಟ್ಟಿದಿರೋ, ದುಡ್ಡು ಕೊಟ್ಟು ತಂದದ್ದು ಆಮ್ಲಕ್ಕೆ ನೈವೇದ್ಯ.

ಇನ್ನೊಂದು ಜಾಣತನವಿದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ ತೆಗೆದುಕೊಳ್ಳುವವರ ಮಲದಲ್ಲಿ ಕೆಲವೊಮ್ಮೆ ಮಾತ್ರೆಯ ಆಕಾರದ ಮೆತ್ತನೆಯ ಮುದ್ದೆ ಕಾಣುತ್ತದೆ. ಮದ್ದೆಲ್ಲ ಬಿಟ್ಟುಕೊಟ್ಟ ಖಾಲಿ ಗೂಡು ಅದು. ‘ಕರಗಲೇ ಇಲ್ಲ, ಕಂಪನಿಯವರ ಮೋಸ’ ಎಂದು ಮರುದಿನದಿಂದ ಕುಟ್ಟಿ ನುಂಗುವವರಿಗೆ ಯಾವ ಡಾಕ್ಟರ ಮಾತೂ ಬೇಕಿಲ್ಲ.

ಮದ್ದಲ್ಲದ ಪದಾರ್ಥದ ತಾಕತ್ತು ಏನೆಂದು ಆಸ್ಟ್ರೇಲಿಯ 1960ರ ದಶಕದ ಕೊನೆಗೆ ಕಲಿಯಿತು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕ್ಯಾಪ್ಸೂಲ್‌ನಲ್ಲಿ ಜಾಗ ತುಂಬಲು ಹಾಕುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ ಹಾಕಿದರು. ಮದ್ದಿನ ಪ್ರಮಾಣ ಒಂದಿಷ್ಟೂ ಬದಲಾಗಿರಲಿಲ್ಲ. ಆದರೂ ಬ್ರಿಸ್ಬೇನ್‌ನ ರೋಗಿಗಳು ತೂರಾಡತೊಡಗಿದರು, ಮದ್ದೇ ಮೈಗೆ ವಿಷವಾಗಿತ್ತು. ಹಳೆಯ ಪುಡಿ ಮದ್ದನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತಿತ್ತು, ಹೊಸದು ಪೂರಾ ಬಿಟ್ಟುಕೊಟ್ಟಿತು.

ಮದ್ದನ್ನು ಯಾವುದರ ಜೊತೆ ತೆಗೆದುಕೊಳ್ಳಬೇಕು ಎಂಬುದಕ್ಕೆ ಅನುಪಾನ ಎಂಬ ಮಾತು ನಮ್ಮಲ್ಲೇ ಇದೆ. ಈ ಚೂರ್ಣ ಜೇನಿನಲ್ಲಿ, ಆ ಲೇಹ್ಯ ಹಾಲಿನಲ್ಲಿ ಎಂದು ಪಂಡಿತರು ಹೇಳಿದರೆ ಅಜ್ಜಿ ತಪ್ಪುತ್ತಿರಲಿಲ್ಲ. (ಆಯುರ್ವೇದದ ಹಿರಿಮೆ ಸಾರಲು ಹೇಳುತ್ತಿಲ್ಲ, ಶಿಸ್ತಿನ ಮಾತು ಇದು.) ಅವಳ ಮೊಮ್ಮಕ್ಕಳಾದ ನಾವು ಥೈರಾಯ್ಡ್ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆ ಇಳಿಸಿ, ಟಿಎಸ್‌ಎಚ್ ಯಾಕೆ ಇಳಿಯಲಿಲ್ಲ ಎಂದು ಲ್ಯಾಬಿನವನ ಮೇಲೆ ರೇಗುತ್ತೇವೆ. ಕಾಫಿ ಆ ಮದ್ದನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ಗಂಟೆ ಕಾಯಬೇಕು. ಅಷ್ಟು ಹೊತ್ತು ಕಾಫಿಯಿಲ್ಲದೆ ಇರಲಾರದವರು ಲ್ಯಾಬಿನವನನ್ನು ಬೈಯಬಾರದು.

ಮನೆಯ ಉಡಾಫೆ ಒಬ್ಬರನ್ನು ಕೆಡವಿದರೆ ಕಾರ್ಖಾನೆಯದು ಊರನ್ನೇ ಕೆಡವುತ್ತದೆ. 1937ರಲ್ಲಿ ಅಮೆರಿಕದ ಟೆನೆಸಿಯ ಒಂದು ಕಂಪನಿಗೆ ಸಲ್ಫಾನಿಲಮೈಡ್ ಎಂಬ ಮದ್ದನ್ನು ಸಿರಪ್ ಮಾಡಬೇಕಿತ್ತು. ಅದರ ಕೆಮಿಸ್ಟ್ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ರಾಸ್‌ಬೆರಿ ರುಚಿ ಸೇರಿಸಿದ. ರುಚಿ, ಬಣ್ಣ, ವಾಸನೆ ಎಲ್ಲ ನೋಡಿದರು, ವಿಷವೇ ಎಂದು ಮಾತ್ರ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. ಆ ಸಾವುಗಳಿಂದ 1938ರ ಅಮೆರಿಕದ ಔಷಧ ಕಾಯ್ದೆ ಹುಟ್ಟಿತು. ನಮ್ಮಲ್ಲಿ? 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್‌ನಲ್ಲಿ ಬೆರೆತ ಅದೇ ವಿಷಕ್ಕೆ 14 ಮಂದಿ ಬಲಿಯಾದರು. 2022ರಲ್ಲಿ ಗ್ಯಾಂಬಿಯಾದ ಮಕ್ಕಳು ಕುಡಿದ, ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷದ ಎಚ್ಚರಿಕೆ ಕೊಟ್ಟಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮತ್ತೆ ಕೆಮ್ಮಿನ ಸಿರಪ್, ಮತ್ತೆ ಪುಟ್ಟ ಮಕ್ಕಳು. ಕರಗಿಸುವ ದ್ರವದಲ್ಲಿ ಈ ವಿಷವಿದೆಯೇ ಎಂದು ಪತ್ತೆ ಹಚ್ಚುವ ವಿಧಾನ ಹೊಸದೇನಲ್ಲ. ‘ಅದು ಬರೀ ದ್ರವ, ಮದ್ದಲ್ಲವಲ್ಲ’ ಎಂಬ ಸಸಾರವೇ ಹಳೆಯದು, ಕುಟ್ಟಾಣಿಯ ಮುಂದೆ ಕೂತಿದ್ದ ನನ್ನದೂ ಅದೇ.

ಕುಟ್ಟಬಹುದಾದ ಮಾತ್ರೆಗಳೂ ಇವೆ, ನುಂಗಲಾಗದವರಿಗೆ ಎಷ್ಟೋ ಮದ್ದುಗಳು ದ್ರವರೂಪದಲ್ಲೂ ಸಿಗುತ್ತವೆ. ಅದಕ್ಕೆ ಬಾಯಿಬಿಟ್ಟು ಕೇಳಬೇಕು. ನಾವು ಮೆಡಿಕಲ್ ಸ್ಟೋರಿನ ಗಾಜಿನ ಕಟ್ಟೆಗೆ ಮೊಣಕೈ ಊರಿ ಫೋನ್ ನೋಡುತ್ತ ನಿಂತಿರುತ್ತೇವೆ. ಅಂಗಡಿಯವನು ಕತ್ತರಿ ಹಿಡಿದು ಹತ್ತರ ಸ್ಟ್ರಿಪ್ಪಿನಲ್ಲಿ ಆರನ್ನು ಕತ್ತರಿಸಿ ಕೊಡುತ್ತಾನೆ. ಎಕ್ಸ್‌ಪೈರಿ ದಿನಾಂಕವೂ ಎಸ್‌ಆರ್ ಎಂಬ ಎರಡಕ್ಷರವೂ ಉಳಿದ ನಾಲ್ಕರ ಜೊತೆ ಅವನ ಡ್ರಾಯರಿಗೆ ಹೋಗುತ್ತವೆ.