ಹುಟ್ಟಿನ ಸೂತಕಕ್ಕೆ ವಿಜ್ಞಾನದ ಅಂಗಿ

ಮನುಷ್ಯನ ಬೆಲೆಯನ್ನು ಅವನ ಹುಟ್ಟಿನಿಂದ ಅಳೆಯಬೇಕೋ ಅಥವಾ ನಡೆಯಿಂದ ಅಳೆಯಬೇಕೋ? ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ಸಂದೇಹಕ್ಕೆಡೆಯಿಲ್ಲದ ಉತ್ತರವನ್ನು ಕೊಟ್ಟರು. ಆದರೆ ಉತ್ತರವನ್ನು ಕಂಠಪಾಠ ಮಾಡುವುದು ಬೇರೆ, ಅದರಂತೆ ಬಾಳುವುದು ಬೇರೆ. ಹಳೆಯ ಸೂತಕವು ಪ್ರತಿಯೊಂದು ಕಾಲದಲ್ಲಿಯೂ ಹೊಸ ವೇಷವನ್ನು ತೊಟ್ಟು ಬರುತ್ತದೆ. ಇಂದಿನ ಅದರ ವೇಷ ವಂಶವಾಹಿಯದು.

1997ರಲ್ಲಿ ಆಂಡ್ರ್ಯೂ ನಿಕೋಲ್ ನಿರ್ದೇಶನದ 'ಗಟ್ಟಾಕ' ಎಂಬ ಚಲನಚಿತ್ರವು ತೆರೆಕಂಡಿತು. ಅದು ಚಿತ್ರಿಸುವ ಭವಿಷ್ಯದ ಸಮಾಜದಲ್ಲಿ ಹುಟ್ಟಿದ ಮಗುವಿನ ಒಂದು ಹನಿ ರಕ್ತವೇ ಅದರ ಜಾತಕ. ನಾಯಕನು ಜನಿಸಿದ ಕ್ಷಣದಲ್ಲಿಯೇ ಅವನ ಹೃದಯ ದುರ್ಬಲವೆಂದೂ ಆಯುಷ್ಯ ಮೂವತ್ತು ವರ್ಷವೆಂದೂ ಬರೆದಿಡಲಾಗುತ್ತದೆ. ಅಲ್ಲಿಂದ ಮುಂದೆ ಅವನ ಪ್ರತಿಭೆಗಾಗಲಿ ಪರಿಶ್ರಮಕ್ಕಾಗಲಿ ಬೆಲೆಯಿಲ್ಲ; ಅವನ ಪಾಲಿಗೆ ಉಳಿಯುವುದು ಕಸ ಗುಡಿಸುವ ಕೆಲಸ. ಇಂತಹ ಭೇದಭಾವವನ್ನು ಆ ಸಮಾಜದ ಕಾನೂನು ನಿಷೇಧಿಸಿದೆ. ಆದರೆ ಆ ಕಾನೂನಿಗೆ ಯಾರೂ ಬೆಲೆ ಕೊಡುವುದಿಲ್ಲ. ಇದನ್ನು ಕಂಡವರು ವಿಜ್ಞಾನವು ದಾರಿ ತಪ್ಪಿದರೆ ಮುಂದೊಂದು ದಿನ ಹೀಗಾದೀತು ಎಂದು ನಿಟ್ಟುಸಿರುಬಿಡುತ್ತಾರೆ. ಆ ನಿಟ್ಟುಸಿರಿನಲ್ಲಿ ದೊಡ್ಡದೊಂದು ಮರೆವು ಅಡಗಿದೆ. ಮುಂದೊಂದು ದಿನ ಏಕೆ? ತುಂಗೆ ಭದ್ರೆಯರು ಹರಿಯುವ ಮಲೆನಾಡಿನಲ್ಲಿ ಇದು ಈಗಾಗಲೇ ನಡೆದುಹೋಗಿರುವ ಕಥೆ.

1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ ವಿಚಿತ್ರವಾದ ಕಾಯಿಲೆಯೊಂದು ವೈದ್ಯರ ಗಮನಕ್ಕೆ ಬಂದಿತು. ಸೊಂಟದ ಹಾಗೂ ಮೊಣಕಾಲಿನ ಕೀಲುಗಳಲ್ಲಿ ತಡೆಯಲಾರದ ನೋವು. ವರ್ಷಗಳು ಉರುಳಿದಂತೆ ಬಾಗುವ ದೇಹ. ಕೋಲಿಲ್ಲದೆ ನಡೆಯಲಾಗದ ಸ್ಥಿತಿ. ಕೆಲವರಲ್ಲಿ ಬೆಳವಣಿಗೆಯೇ ಕುಂಠಿತವಾಗಿ ಕುಳ್ಳಾದ ಶರೀರ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿಯೂ ಇದೇ ನೋವನ್ನು ಹೊತ್ತ ಕುಟುಂಬಗಳು ಪತ್ತೆಯಾದವು. ಬಹುಮಟ್ಟಿಗೆ ಇವರೆಲ್ಲರೂ ಪರಿಶಿಷ್ಟ ಜಾತಿಗೆ ಸೇರಿದ ಎರಡು ಸಮುದಾಯಗಳವರು; ಪರರ ಗದ್ದೆ ತೋಟಗಳಲ್ಲಿ ದುಡಿದು ಬದುಕುವ ಕಾಯಕಜೀವಿಗಳು.

ಮೊದಲು ಸಂಶಯವು ಅವರ ತಟ್ಟೆಯ ಮೇಲೆ ಬಿದ್ದಿತು. ಕೀಟನಾಶಕ ಸಿಂಪಡಿಸಿದ ಗದ್ದೆಗಳಲ್ಲಿ ಹಿಡಿದ ಏಡಿಗಳನ್ನು ತಿಂದುದರಿಂದ ಹೀಗಾಗಿರಬಹುದು ಎಂದು ಊಹಿಸಲಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರಿಶೀಲಿಸಿದರು. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದ ಅಧ್ಯಯನಗಳು ಇದನ್ನು ತಲೆಮಾರಿನಿಂದ ತಲೆಮಾರಿಗೆ ಹರಿಯುವ ಆನುವಂಶಿಕ ಕಾಯಿಲೆಯೆಂದು ಗುರುತಿಸಿದವು. ವಿಜ್ಞಾನವು ಸಂಶಯಪಟ್ಟು, ಪರೀಕ್ಷಿಸಿ, ತಿದ್ದಿಕೊಂಡಿತು. ಅದು ವಿಜ್ಞಾನದ ಧರ್ಮ. ಆದರೆ ಸಮಾಜವು ತಿದ್ದಿಕೊಂಡಿತೇ? ಏಡಿ ತಿಂದವರ ಕಾಯಿಲೆ ಎಂಬ ಮಾತು ಹೋಗಿ, ಒಳಗೊಳಗೇ ಮದುವೆಯಾದವರ ಕಾಯಿಲೆ ಎಂಬ ಮಾತು ಬಂದಿತು. ಅವರ ಪೂರ್ವಕರ್ಮ ಎನ್ನುವವರಿಗೂ ಕೊರತೆಯಿಲ್ಲ. ಆರೋಪ ಬದಲಾಯಿತು, ಆರೋಪಿ ಬದಲಾಗಲಿಲ್ಲ.

ಒಳಗೊಳಗಿನ ಮದುವೆಯ ಮಾತನ್ನು ಆಡುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಈ ಕಾಯಿಲೆಯ ವಂಶವಾಹಿ ಪ್ರಬಲ ಸ್ವರೂಪದ್ದು ಎಂದು ಅಧ್ಯಯನಗಳು ತಿಳಿಸಿವೆ. ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಅಂತಹ ತಂದೆ ಅಥವಾ ತಾಯಿಯ ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ಅರ್ಧ, ದಾಟದಿರುವ ಸಂಭವವೂ ಅರ್ಧ. ಸಂಗಾತಿಯು ದೂರದ ಊರಿನವರಾದರೂ ಈ ಅರ್ಧ ಅರ್ಧವೇ ಉಳಿಯುತ್ತದೆ. ಇಬ್ಬರೂ ಬಾಧಿತರಾದಾಗ ಮಾತ್ರ ಅಪಾಯವು ಹೆಚ್ಚುತ್ತದೆ. ಆದ್ದರಿಂದ ಬಾಂಧವ್ಯದ ಮದುವೆಯೇ ಕಾಯಿಲೆಯ ಮೂಲವೆನ್ನುವುದು ಸಲ್ಲದು. ಇನ್ನು, ವಂಶವಾಹಿಯನ್ನು ಪಡೆಯದ ಮಗುವು ಅದನ್ನು ಮುಂದಿನ ತಲೆಮಾರಿಗೆ ಕೊಡಲಾರದು. ಹೀಗಿರುವಾಗ ಇಡೀ ಮನೆತನವನ್ನು, ಇಡೀ ಕೇರಿಯನ್ನು, ಇಡೀ ಸಮುದಾಯವನ್ನು ದೂರವಿಡುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಅದು ಹಳೆಯ ಜಾತಿಸೂತಕವೇ ಹೊರತು ಬೇರೆ ಅಲ್ಲ.

ಮತ್ತೊಂದು ಪ್ರಶ್ನೆಯೂ ಇದೆ. ಈ ಕಾಯಿಲೆಯು ಬಹುಪಾಲು ಒಂದೆರಡು ಸಮುದಾಯಗಳಲ್ಲಿಯೇ ಉಳಿದುದೇಕೆ? ಹೊರಗಿನವರು ಯಾರೂ ಅವರೊಡನೆ ರಕ್ತಸಂಬಂಧ ಬೆಳೆಸಲಿಲ್ಲವಾದ್ದರಿಂದ. ಗೋಡೆಯನ್ನು ಕಟ್ಟಿದವರೇ ಇಂದು, ನೀವೇಕೆ ಗೋಡೆಯೊಳಗೆ ಮದುವೆಯಾದಿರಿ ಎಂದು ಕೇಳುವುದು ಯಾವ ನ್ಯಾಯ?

ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹವು ಏಕೆ ಕ್ರಾಂತಿಯಾಯಿತು ಎಂಬುದನ್ನು ಸದ್ಭಕ್ತರು ಇಲ್ಲಿ ನೆನೆಯಬೇಕು. ಶರಣರು ಮುರಿದುದು ಈ ಗೋಡೆಯನ್ನೇ. ಪಂಚಸೂತಕಗಳನ್ನು ಅಲ್ಲಗಳೆದಾಗ ಅವರು ಜನನಸೂತಕವನ್ನೂ ಜಾತಿಸೂತಕವನ್ನೂ ಒಟ್ಟಿಗೇ ಅಲ್ಲಗಳೆದರು. ಏಕೆಂದರೆ ಎರಡರ ಬೇರೂ ಒಂದೇ. ಇಷ್ಟಲಿಂಗವನ್ನು ಧರಿಸಿದ ಅಂಗವು ನೆಟ್ಟಗಿದೆಯೋ ಬಾಗಿದೆಯೋ ಎಂದು ಯಾವ ಶರಣನೂ ಕೇಳಲಿಲ್ಲ. ಬಾಗಿದ ಬೆನ್ನಿನಿಂದ ನಡೆಯುವ ಕಾಯಕವೂ ಕೈಲಾಸವೇ.

ಆದರೂ ಆಕ್ಷೇಪಣೆಯೊಂದು ಏಳುತ್ತದೆ: ಹೆತ್ತವರು ಮಕ್ಕಳ ಸಂಬಂಧವನ್ನು ನೋಡುವಾಗ ಆರೋಗ್ಯವನ್ನು ವಿಚಾರಿಸುವುದೂ ತಪ್ಪೇ? ತಪ್ಪಲ್ಲ. ಆನುವಂಶಿಕ ಸ್ಥಿತಿಯನ್ನು ತಿಳಿದು, ವೈದ್ಯರ ಸಲಹೆ ಪಡೆದು, ದಂಪತಿಗಳು ತಮ್ಮ ಬಾಳಿನ ತೀರ್ಮಾನವನ್ನು ತಾವೇ ಕೈಗೊಳ್ಳುವುದು ಅರಿವಿನ ದಾರಿ. ಪರರು ಆ ತಿಳಿವಳಿಕೆಯನ್ನು ಆಯುಧವಾಗಿಸಿ ಬಾಗಿಲು ಮುಚ್ಚುವುದು ಅಜ್ಞಾನದ ದಾರಿ. ದೀಪವು ದಾರಿ ತೋರಿಸಲೂಬಹುದು, ಮನೆಗೆ ಬೆಂಕಿ ಹಚ್ಚಲೂಬಹುದು. ಜರ್ಮನಿಯ ನಾಜಿ ಆಡಳಿತವು 1933ರ ಕಾಯಿದೆಯ ಮೂಲಕ ಆನುವಂಶಿಕ ದೋಷದ ಹೆಸರಿನಲ್ಲಿ ಸುಮಾರು 4 ಲಕ್ಷ ಜನರ ಸಂತಾನಶಕ್ತಿಯನ್ನು ಬಲವಂತದಿಂದ ಕಿತ್ತುಕೊಂಡಿತು. ಅಲ್ಲಿಯೂ ಮೊದಲ ಮಾತು ಸಮಾಜದ ಆರೋಗ್ಯದ ಹಿತವೇ ಆಗಿತ್ತು.

ಕಾನೂನು ನಿಧಾನವಾಗಿ ಕಣ್ಣು ತೆರೆಯುತ್ತಿದೆ. ಅಮೆರಿಕವು 2008ರಲ್ಲಿ ಉದ್ಯೋಗ ಹಾಗೂ ಆರೋಗ್ಯ ವಿಮೆಯಲ್ಲಿ ವಂಶವಾಹಿ ಆಧಾರಿತ ತಾರತಮ್ಯವನ್ನು ನಿಷೇಧಿಸಿತು. ಭಾರತದಲ್ಲಿ 2018ರ ಫೆಬ್ರವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆರೋಗ್ಯ ವಿಮೆಯಿಂದ ಆನುವಂಶಿಕ ಕಾಯಿಲೆಗಳನ್ನು ಸಾರಾಸಗಟಾಗಿ ಹೊರಗಿಡುವುದು ಸಮಾನತೆಯ ಹಕ್ಕಿಗೆ ವಿರುದ್ಧವೆಂದಿತು. ಆ ತೀರ್ಪಿನ ವ್ಯಾಪಕ ಭಾಗಕ್ಕೆ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ತಡೆ ನೀಡಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಕುಬ್ಜತೆಯನ್ನೂ ಅಂಗವೈಕಲ್ಯವೆಂದು ಮಾನ್ಯ ಮಾಡಿತು. ಇವು ಸ್ವಾಗತಾರ್ಹವಾದರೂ ಕಾನೂನು ಮನೆಯ ಹೊಸಿಲಿನವರೆಗೆ ಮಾತ್ರ ಬರಬಲ್ಲದು. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ರದ್ದುಗೊಳಿಸಿತು. ಹೊಸಿಲಿನೊಳಗೆ ಏನಾಯಿತೆಂಬುದು ಎಲ್ಲರಿಗೂ ತಿಳಿದಿದೆ.

ಕಾಯಿಲೆಯ ಹೆಸರೇ ಒಂದು ಗ್ರಾಮದ ಹಣೆಗೆ ಬರೆದ ಬರಹವಾಗಿದೆ. ಹೊಸ ಸೋಂಕು ರೋಗಗಳಿಗೆ ಊರುಗಳ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಹಂದಿಗೋಡಿಗೆ ಆ ವಿವೇಕವು ನಾಲ್ಕು ದಶಕ ತಡವಾಗಿ ಬಂದಿತು.

ವಿಭೂತಿಯನ್ನು ಧರಿಸಿ, ವಚನಗಳನ್ನು ಹಾಡಿ, ಮನೆಗೆ ಹಿಂದಿರುಗಿ ಹುಡುಗಿಯ ಮನೆತನದಲ್ಲಿ ಯಾರಿಗಾದರೂ ಸೊಂಟ ಬಾಗಿದೆಯೇ ಎಂದು ಗುಟ್ಟಾಗಿ ವಿಚಾರಿಸಿ ಸಂಬಂಧವನ್ನು ಮುರಿಯುವವನು ಯಾವ ಧರ್ಮದವನು? ಕೋಲೂರಿ ಬರುವ ಕೂಲಿಯವನಿಗೆ ಕೂರಲು ಜಾಗವನ್ನೂ ಮಾಡಬಲ್ಲ ಕೆಲಸವನ್ನೂ ಕೊಡದವನ ದಾಸೋಹಕ್ಕೆ ಅರ್ಥವೇನು? ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟದಂಚಿನ ಗುಡಿಸಲುಗಳಲ್ಲಿ ನೋವನ್ನು ಹೊತ್ತವರು ಕೇಳುತ್ತಿರುವುದು ಕನಿಕರವನ್ನಲ್ಲ. ಪಂಕ್ತಿಯಲ್ಲಿ ಪಕ್ಕದ ಸ್ಥಾನವನ್ನು. ಆ ಸ್ಥಾನವನ್ನು ಕೊಡುವ ತನಕ ಬಾಗಿರುವುದು ಅವರ ಬೆನ್ನಲ್ಲ, ಸಮಾಜದ ನಡೆ.