ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವವರಿಗೆ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ತಂದೆತಾಯಿಗಳಾಗಿದ್ದಾರೆ. ಅವರಲ್ಲಿ ಆಗಾಗ ಒಬ್ಬರಾದರೂ ದೂರವಾಣಿ ಮಾಡಿ, "ಮೇಷ್ಟ್ರೇ, ಮಗನಿಗೆ ಎಂಟು ವರ್ಷ. ಕುಮಾರಪರ್ವತಕ್ಕೆ ಕರ್ಕೊಂಡು ಹೋಗಬಹುದಾ?" ಎಂದು ಕೇಳುವುದುಂಟು. ನಾನು ಪರ್ವತಾರೋಹಿಯಲ್ಲ, ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಬೋಧಿಸಿ ನಿವೃತ್ತನಾದವನು. ಆದರೆ ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಬೆನ್ನಿಗೆ ಚೀಲ ಬಿಗಿದು ಮಲೆನಾಡಿನ ಬೆಟ್ಟಗಳನ್ನು ಸುತ್ತುತ್ತಿದ್ದ ಸಂಗತಿ ನಮ್ಮ ಶಾಲೆಯಲ್ಲಿ ಎಲ್ಲರಿಗೂ ತಿಳಿದಿತ್ತಾದ್ದರಿಂದ ಇಂತಹ ಪ್ರಶ್ನೆಗಳು ನನ್ನ ಬಳಿಗೇ ಬರುತ್ತವೆ. ನನ್ನ ಉತ್ತರ ಯಾವಾಗಲೂ ಒಂದೇ. ಅವಶ್ಯವಾಗಿ ಕರೆದುಕೊಂಡು ಹೋಗಿ. ಆದರೆ ಮಗು "ಸಾಕು" ಎಂದ ಜಾಗದಿಂದ ಎಲ್ಲರೂ ಹಿಂದಿರುಗತಕ್ಕದ್ದು ಎಂಬ ಕರಾರನ್ನು ಮನೆಯಲ್ಲಿಯೇ ಒಪ್ಪಿಕೊಂಡು ಹೊರಡಿ. ಮೊದಲನೆಯ ಮಾತನ್ನು ಎಲ್ಲರೂ ಸಂತೋಷದಿಂದ ಕೇಳುತ್ತಾರೆ. ಎರಡನೆಯದನ್ನು ಒಪ್ಪುವವರು ಕಡಿಮೆ. ಆದ್ದರಿಂದಲೇ ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಮ್ಮ ಸುತ್ತಾಟಗಳು ೧೯೯೭ರ ಸುಮಾರಿಗೆ ಆರಂಭವಾದವು. ಕೊಡಚಾದ್ರಿ, ಮುಳ್ಳಯ್ಯನಗಿರಿ, ಕುದುರೆಮುಖ… ರಜೆ ಬಂದಂತೆಲ್ಲ ಒಂದೊಂದು. ಮೇಷ್ಟ್ರ ಸಂಬಳದಲ್ಲಿ ಹೋಟೆಲು, ಕಾರು ಎಂದೆಲ್ಲ ಯೋಚಿಸುವಂತಿರಲಿಲ್ಲ. ಮಕ್ಕಳ ಶಾಲೆಯ ಚೀಲವೇ ಬೆನ್ನುಚೀಲ, ಗದ್ದೆ ಕೆಲಸದವರು ಹಾಕಿಕೊಳ್ಳುವ ಪ್ಲಾಸ್ಟಿಕ್ ಕೊಪ್ಪೆಯೇ ಮಳೆಯಂಗಿ. ಚಪಾತಿ, ಚಟ್ನಿಪುಡಿ, ಹುರಿಗಡಲೆ, ಬೆಲ್ಲ. ಉಂಬಳಗಳಿಗಾಗಿ ಒಂದು ಪೊಟ್ಟಣ ಉಪ್ಪು, ಇನ್ನೊಂದು ಪೊಟ್ಟಣ ಹೊಗೆಸೊಪ್ಪು. (ಹೊಗೆಸೊಪ್ಪನ್ನು ಅಂಗಡಿಯಲ್ಲಿ ಕೊಳ್ಳುವಾಗ ಯಾರಾದರೂ ವಿದ್ಯಾರ್ಥಿ ನೋಡಿಬಿಟ್ಟಾನೆಂದು ನನಗೆ ಸಂಕೋಚ!) ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಸರ್ವಜ್ಞಪೀಠದ ಬಳಿ ಫೋಟೋ ತೆಗೆಸಿಕೊಂಡು ಬರುವುದನ್ನೂ ಇಂದು "ಟ್ರೆಕ್ಕಿಂಗ್" ಎನ್ನುತ್ತಾರೆ. ಆ ಜೀಪಿನ ಕುಲುಕಾಟಕ್ಕಿಂತ ನಡಿಗೆಯೇ ಸುಖಕರ ಎನ್ನುವುದಷ್ಟೇ ಅದರ ಬಗ್ಗೆ ನನ್ನ ಅಭಿಪ್ರಾಯ.

ಕರಾರಿನ ವಿಷಯಕ್ಕೆ ಬರುತ್ತೇನೆ. ೨೦೦೧ರ ದಸರಾ ರಜೆಯಲ್ಲಿ ನಾವು ನಾಲ್ವರು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತವನ್ನು ಏರತೊಡಗಿದೆವು. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಮೊದಲ ದಿನ ದಟ್ಟ ಕಾಡಿನೊಳಗಿನ ಏರು ದಾರಿಯಲ್ಲಿ ಬೇರುಗಳನ್ನು ಮೆಟ್ಟಿಲಾಗಿಸಿಕೊಂಡು ಗಿರಿಗದ್ದೆಯನ್ನು ಸೇರಿ ರಾತ್ರಿ ತಂಗಿದೆವು. ಮರುದಿನ ಬೆಳಿಗ್ಗೆ ಹುಲ್ಲುಗಾವಲಿನ ದಾರಿ ಹಿಡಿದು ಕಲ್ಲುಮಂಟಪವನ್ನು ತಲುಪುವ ವೇಳೆಗೆ ಮೋಡ ಕವಿದು, ಗಾಳಿ ಎದ್ದು, ಸಣ್ಣಗೆ ಮಳೆ ಹನಿಯತೊಡಗಿತು. ಮಗ ಮಂಟಪದ ಕಲ್ಲಿನ ಮೇಲೆ ಕುಳಿತು, "ಅಪ್ಪಾ, ನನಗೆ ಸಾಕು" ಎಂದ. ಅಳಲಿಲ್ಲ, ಹಟ ಮಾಡಲಿಲ್ಲ. ಮುಂದೆ ಶೇಷಪರ್ವತ, ಅದರಾಚೆ ಸಣ್ಣದೊಂದು ಶೋಲಾ ಕಾಡು, ಕೊನೆಗೆ ೧,೭೧೨ ಮೀಟರ್ ಎತ್ತರದ ಶಿಖರ. "ಇಷ್ಟು ದೂರ ಬಂದಿದ್ದೀವಲ್ಲಪ್ಪಾ! ಇನ್ನು ಸ್ವಲ್ಪ ತಾನೇ?" ಎಂದು ಮಗಳು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಾಗ ತೀರ್ಮಾನ ಹೇಳಿದವಳು ನನ್ನ ಶ್ರೀಮತಿ. "ಅವನು ಸಾಕು ಅಂದ ಮೇಲೂ ಎಳ್ಕೊಂಡು ಹೋದ್ರೆ ಇನ್ನೊಂದು ಸಲ ಅವನು ಹೇಳೋದೇ ಇಲ್ಲ. ಕಾಲು ಉಳುಕಿದ್ರೂ ಹೇಳೋದಿಲ್ಲ."

ಹಿಂದಿರುಗಿದೆವು. ಕುಕ್ಕೆಯವರೆಗೂ ಮಗಳು ನಮ್ಮೊಡನೆ ಮಾತನಾಡಲಿಲ್ಲ. ೨೦೧೦ರಲ್ಲಿ ತನ್ನ ಸಹೋದ್ಯೋಗಿಗಳೊಡನೆ ಅದೇ ಶಿಖರವನ್ನು ಹತ್ತಿ ಬಂದು, "ಅಲ್ಲೇನಿದೆ ಅಪ್ಪಾ, ಒಂದಷ್ಟು ಕಲ್ಲು, ಬೇಕಾದಷ್ಟು ಗಾಳಿ" ಎಂದು ವರದಿ ಒಪ್ಪಿಸಿದಳು. ಆದರೂ ಅಂದು ಹೋಗಬಹುದಾಗಿತ್ತು ಎಂಬ ವಾದವನ್ನು ಅವಳು ಇಂದಿಗೂ ಬಿಟ್ಟಿಲ್ಲ.

ನನ್ನ ಶ್ರೀಮತಿ ಹೇಳಿದ ಮಾತು ತರಗತಿಯ ಕೋಣೆಯಲ್ಲಿ ನಾನು ಪ್ರತಿದಿನ ಕಂಡದ್ದೇ ಆಗಿತ್ತು. ಬೀಜಗಣಿತದ ಲೆಕ್ಕವೊಂದನ್ನು ಮಾಡಿಸಿ "ಅರ್ಥವಾಯಿತೇ?" ಎಂದರೆ ನಲವತ್ತು ತಲೆಗಳೂ ಆಡುತ್ತವೆ. "ಅರ್ಥವಾಗಲಿಲ್ಲ ಸಾರ್" ಎಂದ ಹುಡುಗನಿಗೆ ಒಮ್ಮೆ ಗದರಿ ನೋಡಿ. ಮುಂದಿನ ಮೂರು ವರ್ಷ ಅವನು ಬಾಯಿ ತೆರೆಯುವುದಿಲ್ಲ, ಪರೀಕ್ಷೆಯ ದಿನ ಎಲ್ಲವೂ ಹೊರಬೀಳುತ್ತದೆ. ತರಗತಿಯಲ್ಲಾದರೆ ಹೋಗುವುದು ಅಂಕಗಳು ಮಾತ್ರ. ಬೆಟ್ಟದಲ್ಲಿ ಮಗು ತನ್ನ ಆಯಾಸವನ್ನು, ಚಳಿಯನ್ನು, ಕಾಲಿನ ಬೊಕ್ಕೆಯನ್ನು ಮುಚ್ಚಿಡತೊಡಗಿದರೆ ನಮಗೆ ತಿಳಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಹೀಗೆ ಅಧಿಕಾರ ಕೊಟ್ಟರೆ ಮಕ್ಕಳು ಎಲ್ಲಕ್ಕೂ "ಸಾಕು" ಎನ್ನುವ ಸುಖವಾಸಿಗಳಾಗುತ್ತಾರೆ ಎಂಬ ಆಕ್ಷೇಪಣೆಯನ್ನು ನಾನು ಅನೇಕ ಬಾರಿ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಹನ್ನೊಂದು ವರ್ಷಗಳ ಸುತ್ತಾಟದಲ್ಲಿ ಆ ಮಾತು ಬಂದದ್ದು ಮೂರೇ ಬಾರಿ, ಅದರಲ್ಲಿ ಒಂದು ಬಾರಿ ನನ್ನ ಬಾಯಿಂದಲೇ.

ಈಗ ಸ್ವಲ್ಪ ಲೆಕ್ಕ. ನನ್ನ ವಿದ್ಯಾರ್ಥಿಗಳು ಓಡಿಹೋಗಬಾರದು! ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟಪ್ರೇಮಿ ೧೮೯೨ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟಿದ್ದಾನೆ. ಇಂದಿನ ಅಳತೆಗೆ ತಿರುಗಿಸಿದರೆ, ಪ್ರತಿ ೫ ಕಿಲೋಮೀಟರ್ ದಾರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ ೬೦೦ ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಶಿಖರಕ್ಕೆ ದಾರಿ ಸುಮಾರು ೧೩ ಕಿ.ಮೀ., ಏರಿಕೆ ಸುಮಾರು ೧,೬೦೦ ಮೀಟರ್. ದೂರಕ್ಕೆ ಎರಡೂವರೆ ಗಂಟೆಗೂ ಹೆಚ್ಚು, ಏರಿಕೆಗೆ ಸುಮಾರು ಅಷ್ಟೇ. ಒಟ್ಟು ಐದೂಕಾಲು ಗಂಟೆ. ಇದು ಗಟ್ಟಿಮುಟ್ಟಾದ ವಯಸ್ಕ ಎಲ್ಲಿಯೂ ಕುಳಿತುಕೊಳ್ಳದೆ ನಡೆದರೆ ಆಗುವ ಹೊತ್ತು. ಎಂಟು ವರ್ಷದ ಮಗುವಿಗೆ ಒಂದೂವರೆ ಪಟ್ಟು ಹಿಡಿದರೂ ಎಂಟು ಗಂಟೆ, ಊಟ-ವಿಶ್ರಾಂತಿ ಸೇರಿದರೆ ಒಂಬತ್ತು. ಬೆಳಿಗ್ಗೆ ಆರಕ್ಕೆ ಹೊರಟವರು ಶಿಖರದಲ್ಲಿ ನಿಲ್ಲುವಾಗ ಮಧ್ಯಾಹ್ನ ಮೂರು ಗಂಟೆ. ಇಳಿಯುವುದು ಯಾವಾಗ? ಶಿಖರದಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿಯೂ ಇಲ್ಲ. ಆದ್ದರಿಂದ ಎಂಟು ವರ್ಷದ ಮಗುವಿಗೆ ಕುಮಾರಪರ್ವತವೆಂದರೆ ಗಿರಿಗದ್ದೆಯವರೆಗೆ ಹೋಗಿ ಬರುವುದು. ಅದೇ ಆ ದಿನದ ಶಿಖರ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ ಎಂದು ಕೇಳಿದವರಿಗೆ ಹೇಳುತ್ತೇನೆ.

ಚಳಿಯ ಲೆಕ್ಕವೂ ಇದೆ. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ದೇಹದ ಶಾಖ ಇನ್ನೂ ಬೇಗ ಸೋರಿಹೋಗುತ್ತದೆ. ಮಕ್ಕಳಿಗೆ ನಮಗಿಂತ ಮೊದಲು ಚಳಿಯಾಗುವುದೇಕೆ? ಒಂದು ಸೆಂಟಿಮೀಟರ್ ಬಾಹುವಿನ ಘನಕ್ಕೆ ಮೇಲ್ಮೈ ೬, ಗಾತ್ರ ೧. ಎರಡು ಸೆಂಟಿಮೀಟರ್ ಬಾಹುವಿನ ಘನಕ್ಕೆ ಮೇಲ್ಮೈ ೨೪, ಗಾತ್ರ ೮. ಚಿಕ್ಕದಕ್ಕೆ ಗಾತ್ರದ ಆರು ಪಟ್ಟು ಚರ್ಮ, ದೊಡ್ಡದಕ್ಕೆ ಮೂರೇ ಪಟ್ಟು. ಶಾಖ ಹೊರಹೋಗುವುದು ಚರ್ಮದ ಮೂಲಕ. ನಿಮಗೆ ಹಿತವಾಗಿ ತಂಪೆನಿಸುವ ಗಾಳಿಯಲ್ಲಿ ಮಗು ನಡುಗುತ್ತಿರಬಹುದು. ಅದಕ್ಕೇ ಅದರ ಮಾತಿಗೆ ನಿಮ್ಮ ಮಾತಿಗಿಂತ ಹೆಚ್ಚು ಬೆಲೆ.

ಇದು ಮಕ್ಕಳಿಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ೨೦೨೪ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಲುಕಿ ನಮ್ಮ ರಾಜ್ಯದ ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಎಪ್ಪತ್ತು ದಾಟಿದವರೂ ಇದ್ದರು, ಅನುಭವಿಗಳೂ ಇದ್ದರು. ದೂರದಲ್ಲಿ ಕುಳಿತು ಅವರ ತೀರ್ಮಾನವನ್ನು ವಿಮರ್ಶಿಸುವ ಅಧಿಕಾರ ನನಗಿಲ್ಲ. ಆ ಸುದ್ದಿಯನ್ನು ಓದಿದ ರಾತ್ರಿ ನನಗೂ ನನ್ನಾಕೆಗೂ ನಿದ್ರೆ ಬರಲಿಲ್ಲ ಎಂಬುದಷ್ಟೇ ನಿಜ. ಬೆಟ್ಟದ ಹವೆ ಗಂಟೆಯೊಳಗೆ ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ನಾವು.

ಇತ್ತೀಚಿನ ವ್ಯವಸ್ಥೆಯ ಬಗ್ಗೆಯೂ ಎರಡು ಮಾತು ಹೇಳಬೇಕಾಗಿದೆ. ೨೦೨೪ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ಚಿತ್ರಗಳನ್ನು ನೀವೂ ನೋಡಿರಬಹುದು. ಜಾತ್ರೆಯ ತೇರಿನ ಹಿಂದೆಯೂ ಅಷ್ಟು ಇಕ್ಕಟ್ಟಿರುವುದಿಲ್ಲ. ಅದಾದ ಮೇಲೆ ಸರ್ಕಾರ ಚಾರಣಗಳಿಗೆ ತಡೆಹಾಕಿ, ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ದಾರಿಗೆ ದಿನಕ್ಕೆ ೩೦೦ ಮಂದಿ ಎಂಬ ಮಿತಿಯೊಡನೆ ಆನ್‌ಲೈನ್ ಟಿಕೆಟ್ ಪದ್ಧತಿಯನ್ನು ತಂದಿತು. ಮಿತಿ ಬೇಕಾಗಿತ್ತು, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಶೋಲಾ ಕಾಡು, ಹುಲ್ಲುಗಾವಲು ನಮ್ಮ ಕಾಲ್ತುಳಿತಕ್ಕಾಗಿ ಇರುವವಲ್ಲ.

ಆದರೆ ಟಿಕೆಟಿನಲ್ಲಿ ಅಚ್ಚಾದ ದಿನಾಂಕಕ್ಕೆ ಒಂದು ವಿಚಿತ್ರ ಬಲವಿದೆ. ಬಹಳ ದಿನ ಮೊದಲೇ ಕಾಯ್ದಿರಿಸಿ, ಕಚೇರಿಗೆ ರಜೆ ಹಾಕಿ, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದ ತಂದೆಗೆ ಮೋಡ ಕಂಡರೂ ಕಾಣುವುದಿಲ್ಲ. "ದುಡ್ಡು ಕೊಟ್ಟು ಬಂದಿದ್ದೇವೆ" ಎಂಬುದು ಮಗುವಿನ "ಸಾಕು" ಎಂಬುದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ. ಮಳೆಯಿಂದಲೋ ಮಗುವಿನ ಆಯಾಸದಿಂದಲೋ ಅರ್ಧ ದಾರಿಯಲ್ಲಿ ಮರಳಿದ ಕುಟುಂಬಕ್ಕೆ, ತನಿಖಾ ಠಾಣೆಯಲ್ಲಿ ಒಂದು ಮೊಹರು ಹಾಕಿಸಿಕೊಂಡರೆ ಅದೇ ಟಿಕೆಟಿನಲ್ಲಿ ಇನ್ನೊಂದು ದಿನ ಬರುವ ಅನುಕೂಲವಿರಲಿ. ಕೆಲವರು ದುರುಪಯೋಗ ಮಾಡಿಯಾರು, ಮಾಡಲಿ. ನಾಲ್ಕು ಟಿಕೆಟಿನ ನಷ್ಟ ದೊಡ್ಡದೇನಲ್ಲ. ಹಾಗೆಯೇ ಆ ಮುನ್ನೂರರಲ್ಲಿ ಒಂದು ಪಾಲನ್ನು ಸುತ್ತಮುತ್ತಲ ಶಾಲೆಗಳ ಮಕ್ಕಳಿಗೆಂದು ತೆಗೆದಿಡಬೇಕು. ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದ ಹುಡುಗನು ಬೆಂಗಳೂರಿನ ಕಂಪ್ಯೂಟರುಗಳೊಡನೆ ಸ್ಪರ್ಧಿಸಿ ಟಿಕೆಟ್ ಪಡೆಯಬೇಕೆನ್ನುವುದು ನನಗೆ ಸರಿಕಾಣುವುದಿಲ್ಲ.

ಶಾಲೆಗಳ ಮಾತು ಬಂದಾಗ ನನಗೆ ನೆನಪಾಗುವವನು ರಿಚರ್ಡ್ ಶಿರ್ಮನ್ ಎಂಬ ಜರ್ಮನ್ ಮೇಷ್ಟ್ರು. ೧೯೦೯ರ ಆಗಸ್ಟ್ ೨೬ರಂದು ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಭಾರಿ ಗುಡುಗುಮಳೆ ಬಂತು. ಮುಂದಿನ ಊರನ್ನು ಸೇರಲೇಬೇಕೆಂದು ಆತ ಹಟ ಹಿಡಿಯಲಿಲ್ಲ. ಹಳ್ಳಿಯ ಶಾಲೆಯೊಂದರ ಕೋಣೆಯಲ್ಲಿ ಹುಲ್ಲು ಹಾಸಿ ಮಕ್ಕಳನ್ನು ಮಲಗಿಸಿದ. ಹುಡುಗರು ನಿದ್ರಿಸುತ್ತಿದ್ದಾಗ, ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳು ನಡೆದು ಬರುವ ಮಕ್ಕಳಿಗೆ ತಂಗುದಾಣಗಳೇಕಾಗಬಾರದು ಎಂದು ಯೋಚಿಸಿದ. ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿದ್ದು ಹಾಗೆ. ನಮ್ಮ ದೇಶದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ೧೯೪೯ರಲ್ಲಿ ಸ್ಥಾಪನೆಯಾದದ್ದು ಮೈಸೂರಿನಲ್ಲಿ ಎಂಬುದು ನಮ್ಮವರಿಗೇ ಹೆಚ್ಚು ತಿಳಿದಿಲ್ಲ. ಇಂದು ಮಕ್ಕಳನ್ನು ಒಂದು ಗುಡ್ಡಕ್ಕೆ ಕರೆದೊಯ್ಯಲು ಮೇಷ್ಟ್ರುಗಳು ಹೆದರುತ್ತಾರೆ. ಏನಾದರೂ ಆದರೆ ಯಾರು ಹೊಣೆ? ಆ ಹೆದರಿಕೆ ಸಹಜವೇ. ಹಾಗಾಗಿ ಈ ಕೆಲಸ ಈಗ ತಂದೆತಾಯಿಗಳ ಮೇಲೆಯೇ ಬಿದ್ದಿದೆ.

ಹೊರಡುವವರಿಗೆ ಇನ್ನೆರಡು ಸಂಗತಿ. ಮಗು ತನ್ನ ಚೀಲವನ್ನು ತಾನೇ ಹೊರಲಿ, ಆದರೆ ಅದರ ತೂಕ ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರದಿರಲಿ. ೨೦೨೦ರ ಶಾಲಾ ಚೀಲ ನೀತಿ ಪುಸ್ತಕಗಳಿಗೆ ಹಾಕಿದ ಮಿತಿಯೇ ಇದು, ಬೆಟ್ಟಕ್ಕೂ ಒಪ್ಪುತ್ತದೆ. ಇಪ್ಪತ್ತೈದು ಕಿಲೋ ತೂಗುವ ಮಗುವಿಗೆ ಎರಡೂವರೆ ಕಿಲೋ: ಒಂದು ಲೀಟರ್ ನೀರು, ಒಂದು ಸ್ವೆಟರು, ಮಳೆಯಂಗಿ, ತಿಂಡಿಯ ಡಬ್ಬಿ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಿಗೆ ಡಿಸೆಂಬರಿನಿಂದ ಮೇವರೆಗೆ ಹೋಗುವವರು ಮಂಗನಕಾಯಿಲೆಯನ್ನು ಮರೆಯಬಾರದು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ. ಮೈತುಂಬ ಬಟ್ಟೆ ಹಾಕಿಸಿ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಸುತ್ತ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿ.