ಹಾಲಿನ ಸಂಘದ ವಹಿ ಹೊಳೆಪಾಲಾದರೆ?

2025ರ ಸೆಪ್ಟೆಂಬರಿನಲ್ಲಿ ಸೀನಾ ಹೊಳೆ ಉಕ್ಕಿ ಸೊಲ್ಲಾಪುರ ಜಿಲ್ಲೆಯ ಹೊಲ, ಹಳ್ಳಿಗಳಿಗೆ ನುಗ್ಗಿದ್ದನ್ನು ಒಕ್ಕಲುತನದ ಬಂಧುಗಳು ಮರೆತಿರಲಾರರು. ಇಂಥ ಹೊತ್ತಿನಲ್ಲಿ ಬೆಳೆ, ದನಕರುಗಳ ಚಿಂತೆಯೇ ಮೊದಲು, ಅದು ಸಹಜ. ಆದರೆ ಹಾಲಿನ ಸಂಘವೂ ಒಂದು ವ್ಯಾಪಾರವೇ. ಅದು ಹದಿನೈದು ದಿನ ನಿಂತರೆ ಒಂದೇ ಎಮ್ಮೆ ಕಟ್ಟಿಕೊಂಡವಳ ಮನೆಯ ಸಂತೆಯೂ ನಿಲ್ಲುತ್ತದೆ.

ಗೋಡೆ ಬಿದ್ದರೆ ಕಟ್ಟಬಹುದು, ತೂಕದ ಯಂತ್ರ ಕೆಟ್ಟರೆ ಕೊಳ್ಳಬಹುದು. ಯಾರ ಹಾಲು ಎಷ್ಟು, ಯಾರಿಗೆ ಎಷ್ಟು ಬಾಕಿ ಎಂಬ ವಹಿ ಕೊಚ್ಚಿಹೋದರೆ ಅದನ್ನು ಯಾವ ಪೇಟೆಯಿಂದ ತರುವುದು? ಬಾಯಿಲೆಕ್ಕದಲ್ಲಿ ಜೋರುಳ್ಳವನ ಮಾತೇ ನಡೆದೀತು, ಬಡವಿಯ ದುಡ್ಡು ಮುಳುಗೀತು. ಲೆಕ್ಕವೆಲ್ಲ ಗಣಕಯಂತ್ರದಲ್ಲಿದೆ ಎನ್ನುವ ಕಾರ್ಯದರ್ಶಿಗಳುಂಟು. ಆ ಯಂತ್ರವೂ ಅದೇ ಕೋಣೆಯಲ್ಲಲ್ಲವೇ ಇರುವುದು? ವಾರಕ್ಕೊಮ್ಮೆ ಲೆಕ್ಕದ ಒಂದು ಪ್ರತಿ, ಕಾಗದದಲ್ಲಾಗಲಿ ಪೆನ್ ಡ್ರೈವಿನಲ್ಲಾಗಲಿ, ದಿಬ್ಬದ ಮೇಲಿನ ಊರಿಗೆ ಹೋಗಲೇಬೇಕು.

ಹಾಲನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್ಸಿಗೆ ತಂಪು ಮಾಡಿಡಬೇಕು. ಕರೆಂಟು ಹೋದರೆ, ರಸ್ತೆ ಕಡಿದರೆ, ಅದನ್ನು ಯಾವ ದಾರಿಯಿಂದ ಯಾವ ಕೇಂದ್ರಕ್ಕೆ ಒಯ್ಯುವುದೆಂದು ಬೇಸಿಗೆಯಲ್ಲೇ ಠರಾವು ಮಾಡಿ ಗೋಡೆಗೆ ಬರೆದು ಹಚ್ಚಿರಿ. ಸಂಘದ ವಿಮೆಯಲ್ಲಿ ನೆರೆಯ ಹಾನಿ ಸೇರಿದೆಯೇ ಎಂಬುದನ್ನೂ ಓದಿಸಿ ನೋಡಿರಿ. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಊರ ಶಾಲೆಯಲ್ಲಿ ಮಾಸ್ತರರಿದ್ದಾರೆ. ಕೇಳಲು ಸಂಕೋಚ ಬೇಡ.